ಹೋಗ್ತೀನಿ ಅಂದ ಮೇಲ್

ನಮ್ಮೂರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದವರು ಹೊರಡುವಾಗ ತುಟಿ ಬಿಚ್ಚುವುದಿಲ್ಲ. ಹಲ್ಲು ಕಿತ್ತ ನೋವಿರಬೇಕು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ನೋವೂ ಇರುತ್ತದೆ ಅನ್ನಿ. ಆದರೆ ಅಭ್ಯಾಸಬಲದಿಂದ ‘ಬರ್ತೀನಿ ಡಾಕ್ಟ್ರೇ’ ಎಂದು ಬಾಯಿ ತಪ್ಪಿದರೆ ಎಂಟು ದಿನದೊಳಗೆ ಮತ್ತೆ ಅದೇ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿರಬೇಕಾಗುತ್ತದೆ, ಹಲ್ಲು ನೋಯಲಿ ಬಿಡಲಿ. ನಮ್ಮೂರಿನಲ್ಲಿ ಯಾರಿಗೆ ‘ಬರ್ತೀನಿ’ ಎಂದಿರೋ ಅವರ ಮುಂದೆ ಎಂಟು ದಿನದೊಳಗೆ ಹಾಜರಾಗುತ್ತೀರಿ. ಕಾಲು ತಾನಾಗಿಯೇ ಕರೆದುಕೊಂಡು ಬರುತ್ತದೆ. ಕ್ಷೌರಿಕನ ಅಂಗಡಿಯಲ್ಲಿ ಹಾಗೆ ಅಂದುಬಿಟ್ಟು ವಾರದೊಪ್ಪತ್ತಿನಲ್ಲಿ ಬೋಳುತಲೆ ಹೊತ್ತುಕೊಂಡು ಹೋಗಿ ಕೂತವರನ್ನು ನಾನೇ ನೋಡಿದ್ದೇನೆ.

ಅದೇ ‘ಹೋಗ್ತೀನಿ’ ಅಂದಿರೋ, ಮುಗಿಯಿತು. ಮತ್ತೆ ಬರುವುದಿಲ್ಲ. ಆದ್ದರಿಂದಲೇ ಮದುವೆಯಾಗಿ ಹೊರಡುವ ಹುಡುಗಿ ಅಳುವ ಭರದಲ್ಲಿ ಏನಾದರೂ ಅಂದುಬಿಟ್ಟಾಳೆಂದು ಚಿಕ್ಕಮ್ಮಂದಿರು ಅವಳ ಬಾಯಿಗೆ ಸೆರಗು ಅಡ್ಡ ಹಿಡಿದೇ ಕಾರು ಹತ್ತಿಸುತ್ತಾರೆ. ಏನೂ ಹೇಳದೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಅಂಗಡಿಗಳಲ್ಲಿ ಹಾಗೇ ಮಾಡುತ್ತೇವೆ. ಮನೆಯಿಂದ, ಕಚೇರಿಯಿಂದ ಹಾಗೆ ಹೊರಟರೆ ಜಗಳ ಮಾಡಿಕೊಂಡು ಎದ್ದುಹೋದರು ಎಂದೇ ಲೆಕ್ಕ. ಮರ್ಯಾದಸ್ಥರಿಗೆ ಅದು ಒಗ್ಗುವುದಿಲ್ಲ.

ನಾನು ಇಲ್ಲಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತ, ಹೆಸರು ಇಂದುಧರ. ಒಂದು ಸಲ ಯಾರದೋ ಅರ್ಜಿಗೆ ಅಂಟಿಸುವ ಫೋಟೋವನ್ನು ಫೋನಿನಲ್ಲಿ ಚಿಕ್ಕದು ಮಾಡಿಕೊಟ್ಟೆ. ಅಂದಿನಿಂದ ಊರಿಗೆಲ್ಲ ಫೋನಿನ ಪಂಡಿತನಾಗಿಬಿಟ್ಟಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ವಿದ್ಯೆ ಎಲ್ಲ ಸೇರಿ ಆರೇ ಆರು. ಫೋನು ಆರಿಸಿ ಮತ್ತೆ ಹಚ್ಚುವುದು, ವಿಮಾನದ ಗುರುತು ಒತ್ತಿ ತೆಗೆಯುವುದು, ದಿನಾಂಕ ಸರಿಯಿದೆಯೇ ನೋಡುವುದು, ಬ್ಯಾಟರಿ ಉಳಿಸುವ ಗುಂಡಿ ಬಂದ್ ಮಾಡುವುದು, ಕ್ಯಾಶೆ ಅಳಿಸುವುದು, ಯಾವುದೂ ನಡೆಯದಿದ್ದರೆ ಖಾತೆಯನ್ನು ತೆಗೆದು ಮತ್ತೆ ಸೇರಿಸುವುದು. ಇಷ್ಟನ್ನೇ ಹುಬ್ಬು ಗಂಟಿಕ್ಕಿಕೊಂಡು ನಿಧಾನವಾಗಿ ಮಾಡಿದರೆ ಜನ ಚಹಾ ತರಿಸಿಕೊಡುತ್ತಾರೆ.

ನಮ್ಮ ಎಂಜಿನಿಯರ್ ಮೇದಿನಿ ಮೇಡಂ ಹೊರಗಿನವರು. ಬಂದು ಮೂರು ವರ್ಷವಾಗಿತ್ತು. ಅವರ ಗಂಡ ಒಂದು ಹಗಲಿನ ಪ್ರಯಾಣದಷ್ಟು ದೂರದ ಊರಿನ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದರು. ಆರು ವರ್ಷದ ಮಗಳು ಇಂಚರ ಅಪ್ಪನ ಜೊತೆಗಿದ್ದಳು. ಆ ಊರಿಗೆ ವರ್ಗ ಕೇಳಿ ಮೇಡಂ ಬರೆದ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಟೈಪಾದವು. ಮೊದಲನೆಯದರಲ್ಲಿ ಮಗು ಮೂರು ವರ್ಷದ್ದು ಎಂದಿತ್ತು. ಆಮೇಲಾಮೇಲೆ ನಾನು ಬರೀ ವಯಸ್ಸು ತಿದ್ದಿ, ತಾರೀಖು ಬದಲಿಸಿ ಕಳಿಸುತ್ತಿದ್ದೆ.

ಆ ಮಂಗಳವಾರ ಬೆಳಿಗ್ಗೆ ಮೇಡಂ ಫೋನು ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದರು. ಹಿಂದಿನ ದಿನ ಫೋನು ತನ್ನಷ್ಟಕ್ಕೇ ಅಪ್‌ಡೇಟ್ ಆಗಿತ್ತಂತೆ. ‘ಇನ್ನು ನಿಮ್ಮ ಮಾತಿನಲ್ಲೇ ಫೋನು!’ ಎಂದು ಹೂವಿನ ಚಿತ್ರ ಹಾಕಿ ತೋರಿಸಿತಂತೆ. ಅಲ್ಲಿಂದೀಚೆಗೆ ಕಚೇರಿಯ ಮೇಲ್ ತೆರೆಯುತ್ತಿರಲಿಲ್ಲ. ಒಂದು ಚಕ್ರ ತಿರುಗುತ್ತಿತ್ತು, ಕೆಳಗೆ ‘ಸ್ವಲ್ಪ ತಾಳಿ’ ಎಂದಿತ್ತು.

“ಅರ್ಜೆಂಟಾ ಮೇಡಂ?” ಎಂದೆ.

“ಹೆಡ್ ಆಫೀಸಿಂದ ಗೆಳತಿ ಫೋನ್ ಮಾಡಿದ್ಲು, ಇಂದುಧರ. ವರ್ಗದ ಮೇಲ್ ಬಂದಿದೆಯಂತೆ. ಇವತ್ತು ಸಂಜೆ ನಾಲ್ಕರೊಳಗೆ ಒಪ್ಪಿಗೆ ಅಂತ ಮೇಲ್‌ನಲ್ಲೇ ಉತ್ತರ ಕೊಡಬೇಕು. ಕೊಡದಿದ್ರೆ ಪಟ್ಟೀಲಿ ಮುಂದಿರೋರಿಗೆ ಹೋಗುತ್ತೆ.” ಅವರ ದನಿ ಎಂದಿನಂತೆಯೇ ಇತ್ತು. ಫೋನನ್ನು ಮಾತ್ರ ನನ್ನ ಮೇಜಿನ ಮೇಲಿಟ್ಟು ಮತ್ತೆ ಕೈಗೆತ್ತಿಕೊಂಡರು, ಎರಡೆರಡು ಸಲ.

ಆಗ ಹನ್ನೊಂದೂವರೆ. ಕಚೇರಿಯ ಕಂಪ್ಯೂಟರ್ ರಿಪೇರಿಗೆಂದು ಹೋಗಿ ಎರಡು ತಿಂಗಳಾಗಿತ್ತು. ಹೋಗುವಾಗ ಅದು ಬರ್ತೀನಿ ಎಂದು ಯಾರಿಗೂ ಹೇಳಿರಲಿಲ್ಲ. ಬೇರೆ ಫೋನಿನಲ್ಲಿ ನೋಡೋಣವೆಂದರೆ ಇಲಾಖೆಯ ಮೇಲ್ ನೋಂದಾಯಿಸಿದ ಫೋನಿನಲ್ಲಿ ಬಿಟ್ಟರೆ ಇನ್ನೆಲ್ಲೂ ತೆರೆಯದು. ಹೆಡ್ ಆಫೀಸಿನ ಸಹಾಯವಾಣಿಗೆ ಕರೆ ಮಾಡಿದರೆ ಒಬ್ಬಳು ನಮ್ಮ ಕರೆ ತಮಗೆ ಬಹಳ ಮುಖ್ಯವೆಂದು ಇಪ್ಪತ್ತು ನಿಮಿಷ ಹೇಳಿದಳು. ಅಷ್ಟು ಮುಖ್ಯವಾದ ಕರೆಯನ್ನು ಕೊನೆಗೆ ಅವಳೇ ಕತ್ತರಿಸಿದಳು.

ನನ್ನ ಆರು ವಿದ್ಯೆ ಶುರುಮಾಡಿದೆ. ಆರಿಸಿ ಹಚ್ಚಿದೆ. ವಿಮಾನ ಹಾರಿಸಿ ಇಳಿಸಿದೆ. ದಿನಾಂಕ ನೋಡಿದೆ, ಮಂಗಳವಾರವೇ ಇತ್ತು. ಜವಾನಿ ಕೆಲಸದ ದೊಡ್ಡತಾಯಮ್ಮ ಕಸಬರಿಕೆ ಹಿಡಿದು ಬಂದು ನನ್ನ ಹಿಂದೆಯೇ ನಿಂತಳು. ಕಚೇರಿ ಕಟ್ಟುವಾಗ ಇಟ್ಟಿಗೆ ಹೊತ್ತವಳು ಅವಳು. ನಿವೃತ್ತಿಯ ಕಾಗದ ಕೊಟ್ಟ ದಿನ ‘ನಾಳೆ ಬರ್ತೀನಿ’ ಎಂದು ಹೇಳಿಹೋಗಿ, ಮಾರನೆಯ ದಿನ ಬಂದು, ಇವತ್ತಿಗೂ ಹಾಗೇ ಬರುತ್ತಿದ್ದಾಳೆ. ಯಾರೂ ಏನೂ ಮಾಡುವಂತಿಲ್ಲ.

“ಈಗೇನ್ ಮಾಡ್ತಿದ್ದೀಯಪ್ಪ?” ಎಂದಳು.

“ಕ್ಯಾಶೆ ಅಳಿಸ್ತಿದ್ದೀನಿ ದೊಡ್ಡತಾಯಮ್ಮ. ಅಂದ್ರೆ ಆ್ಯಪು ತಿಂದು ಉಳಿಸಿರೋ ಚೂರುಪಾರು.”

“ಎಂಜಲು ಬಳಿಯೋದಕ್ಕೆ ಇಷ್ಟೊತ್ತಾ? ನಾನಾಗಿದ್ರೆ ಇಡೀ ಆಫೀಸು ಗುಡಿಸಿರ್ತಿದ್ದೆ.”

ಅವಳ ಮಾತಿಗೆ ಮೇಡಂ ನಕ್ಕರು. ಆ ನಗು ನೋಡಿ ನನಗೆ ಹುರುಪು ಬಂತು. ಆ ಹುರುಪಿನಲ್ಲೇ ನಾನು ಕೆಟ್ಟದ್ದು. ಕೊನೆಯ ವಿದ್ಯೆಗೆ ಬಂದಿದ್ದೆ, ಖಾತೆಯನ್ನು ತೆಗೆದು ಮತ್ತೆ ಸೇರಿಸುವುದು. ಮೊದಲು ಅಲ್ಲಿ ‘ಲಾಗ್ ಔಟ್’ ಎಂಬ ಗುಂಡಿ ಇರುತ್ತಿತ್ತು. ಕೆಂಪು ಬಣ್ಣದ್ದು, ಬಲಗಡೆ ಮೂಲೆಯಲ್ಲಿ. ನೂರು ಸಲ ಒತ್ತಿದ ಗುಂಡಿ, ಓದುವುದೇನು ಬಂತು? ಬಲಗಡೆ ಮೂಲೆಯ ಕೆಂಪನ್ನು ಒತ್ತಿದೆ. ಒತ್ತಿದ ಮೇಲೆ ಓದಿದೆ.

‘ಹೋಗ್ತೀನಿ’ ಎಂದಿತ್ತು.

ನಮ್ಮ ಮಾತಿನಲ್ಲೇ ಫೋನು ಅಂದರಲ್ಲ, ಎಲ್ಲ ಗುಂಡಿಗಳನ್ನೂ ಮಾತನಾಡಿಸಿಬಿಟ್ಟಿದ್ದರು. ಬೇಡ ಎನ್ನುವುದಕ್ಕೆ ‘ಇರ್ಲಿ ಬಿಡಿ’, ಆಗಲಿ ಎನ್ನುವುದಕ್ಕೆ ‘ಹೂಂ’, ಹೊರಡುವುದಕ್ಕೆ ಇದು. ಎಲ್ಲೋ ದೂರದಲ್ಲಿ ಕುರ್ಚಿಯಲ್ಲಿ ಕೂತು ಬರೆದವರಿಗೆ ನಮ್ಮೂರಿನ ಸಂಗತಿ ಏನು ಗೊತ್ತು? ಪರದೆಯ ಮೇಲಿದ್ದ ಲಕೋಟೆಯ ಚಿತ್ರ ಮೆಲ್ಲಗೆ ಮಸುಕಾಗಿ ಇಲ್ಲವಾಯಿತು. ನನ್ನ ಬೆನ್ನ ಹಿಂದೆ ದೊಡ್ಡತಾಯಮ್ಮನ ಕೈಯಿಂದ ಕಸಬರಿಕೆ ಬಿತ್ತು. ಅವಳಿಗೆ ಓದಲು ಬರುವುದು ಕೆಲವೇ ಮಾತು, ಅದರಲ್ಲಿ ಇದೊಂದು. ನಮ್ಮೂರಿನ ಶಾಲೆಗಳಲ್ಲಿ ಅದನ್ನು ಮೊದಲು ಕಲಿಸುತ್ತಾರೆ, ಹುಷಾರಾಗಿರಲಿ ಎಂದು.

ಮತ್ತೆ ಸೇರಿಸಿದೆ. ವಿಳಾಸ ಸರಿ, ಗುಪ್ತಪದ ಸರಿ, ನೆಟ್‌ವರ್ಕಿನ ಕಡ್ಡಿಗಳು ನಾಲ್ಕೂ ನಿಂತಿದ್ದವು. ಚಕ್ರ ತಿರುಗಿತು, ‘ಸ್ವಲ್ಪ ತಾಳಿ’ ಎಂದಿತು, ನಿಂತಿತು. ಎರಡನೆಯ ಸಲವೂ ಹಾಗೇ. ಏಳನೆಯ ಸಲವೂ ಹಾಗೇ. ಹೊತ್ತು ಎರಡೂವರೆ ದಾಟಿತು. ಕಾಲುವೆಯ ಗೇಟು ತಿರುಗಿಸುವ ಬಾಬಾಜಾನ್ ಊಟಕ್ಕೆಂದು ಬಂದವನು ಸುದ್ದಿ ಕೇಳಿ ಡಬ್ಬಿ ಬಿಚ್ಚದೆಯೇ ಕೂತುಬಿಟ್ಟ.

“ಇದು ಪಾಸ್‌ವರ್ಡ್ ತೊಂದ್ರೆ ಇರಬಹುದು ಅಲ್ವಾ?” ಎಂದರು ಮೇಡಂ. ಮೂರು ವರ್ಷ ಇಲ್ಲಿದ್ದರೂ ಅವರು ಎಂಜಿನಿಯರ್ ತಾನೇ.

“ಇರಬಹುದು ಮೇಡಂ,” ಎಂದೆ.

“ನರಹರಿ ಸಾಹೇಬ್ರು ಹೋಗಿದ್ದೂ ಪಾಸ್‌ವರ್ಡಿಂದಾನಾ?” ಎಂದ ಬಾಬಾಜಾನ್.

ನರಹರಿಯವರು ಮೇಡಂಗಿಂತ ಮುಂಚೆ ಇದ್ದ ಎಂಜಿನಿಯರ್. ವರ್ಗವಾಗಿ ಹೊರಡುವಾಗ ಸೌಜನ್ಯಕ್ಕೆ ‘ಬರ್ತೀನಿ’ ಎಂದರು, ಎಂಟು ದಿನಕ್ಕೆ ಬಂದರು. ಹೊರಡುವಾಗ ಮತ್ತೆ ಅಂದರು, ಮತ್ತೆ ಬಂದರು. ಬಹಳ ಸೌಜನ್ಯದ ಮನುಷ್ಯ. ಹನ್ನೊಂದು ಸಲ ಹೀಗೆ ಬಂದ ಮೇಲೆ ಹೊಸ ಊರಿನಲ್ಲಿ ಅವರಿಗೆ ನೋಟಿಸ್ ಕೊಟ್ಟರು. ಕೊನೆಗೆ ನಾವೇ ಹೇಳಿಕೊಟ್ಟು, ಕಣ್ಣೊರೆಸಿಕೊಂಡು ‘ಹೋಗ್ತೀನಿ’ ಎನ್ನುವಂತೆ ಮಾಡಿದೆವು. ಆಮೇಲೆ ಅವರ ಸುದ್ದಿಯೇ ಇಲ್ಲ. ಒಮ್ಮೆ ಅವರಿದ್ದ ಬಸ್ಸು ಈ ದಾರಿಯಲ್ಲೇ ಹಾದುಹೋಗಬೇಕಿತ್ತಂತೆ, ಊರ ಗಡಿಯಲ್ಲೇ ಕೆಟ್ಟು ನಿಂತಿತಂತೆ.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಉಪಾಯ ಇಲ್ಲದಿಲ್ಲ. ಯಾರಾದರೂ ಬಾಯಿ ತಪ್ಪಿ ‘ಹೋಗ್ತೀನಿ’ ಎಂದರೆ ಮನೆಯವರು ತಕ್ಷಣ ಹುಡುಕುತ್ತಾರೆ, ಅವರು ಏನಾದರೂ ಬಿಟ್ಟುಹೋಗಿದ್ದಾರೆಯೇ ಎಂದು. ಛತ್ರಿ, ಕನ್ನಡಕ, ಕೊನೆಗೆ ಒಂದು ಪಿನ್ನಾದರೂ ಸರಿ. ಅದನ್ನು ಹಿಡಿದು ‘ಇದನ್ನ ಮರೆತ್ರಿ’ ಎಂದು ಕೂಗಿದರೆ ಅವರು ತಿರುಗಿ ಬಂದೇ ಬರುತ್ತಾರೆ. ಆದರೆ ಅದು ನಿಜವಾಗಿ ಮರೆತದ್ದೇ ಆಗಿರಬೇಕು. ನಾವು ತಂದಿಟ್ಟರೆ ನಡೆಯದು. ನರಹರಿಯವರು ಏನನ್ನೂ ಮರೆಯುವ ಜಾತಿಯವರಾಗಿರಲಿಲ್ಲ. ಹೋಗಲಿ, ಒಂದು ಮೇಲ್ ಏನನ್ನು ಮರೆತು ಹೋಗುತ್ತದೆ?

ಮೇಜಿನ ಮೇಲೆ ಫೋನು ಇಟ್ಟುಕೊಂಡು ನಾನೂ ಮೇಡಮ್ಮೂ ಎದುರುಬದುರು ಕೂತಿದ್ದೆವು. ದೊಡ್ಡತಾಯಮ್ಮ ಹೊರಗೆ ಚಹಾ ಕಾಸುತ್ತಿದ್ದಳು. ಬಾಬಾಜಾನ್ ಕಿಟಕಿಯ ಹತ್ತಿರ ನಿಂತಿದ್ದ. ಮೂರೂವರೆಗೆ ಸರಿಯಾಗಿ ಫೋನು ಗಂಟೆ ಹೊಡೆಯಿತು. ಪರದೆಯ ನೆತ್ತಿಯ ಮೇಲೆ ಒಂದು ಸಣ್ಣ ಚೀಟಿ ಇಳಿದು ಕೂತಿತು. ‘ಇಂಚರ ಶಾಲೆ ಬಿಟ್ಟಳು. ಫೋನ್ ಮಾಡಬೇಕು.’

ಕಚೇರಿಯ ಮೇಲ್ ಖಾತೆಯ ಕ್ಯಾಲೆಂಡರಿನಲ್ಲಿ ಮೇಡಂ ಬರೆದಿಟ್ಟುಕೊಂಡಿದ್ದ ನೆನಪಿನ ಗಂಟೆ ಅದು. ಸಭೆಯಿದ್ದರೂ ಕಾಲುವೆಯ ಮೇಲಿದ್ದರೂ ಆ ಹೊತ್ತಿಗೆ ಅವರು ಮಗಳ ಜೊತೆ ಮಾತಾಡದೆ ಬಿಟ್ಟವರಲ್ಲ. ಖಾತೆ ಹೋಗಿತ್ತು, ಅದರ ಗಂಟೆ ಇಲ್ಲೇ ಉಳಿದಿತ್ತು. ಇದೇ ಅದು ಮರೆತು ಹೋದ ಸಾಮಾನು ಎಂದು ನನಗೆ ಆ ಕ್ಷಣವೇ ಹೊಳೆಯಿತು.

ಹೊಳೆದರೂ ನಾನು ಬಾಯಿ ಬಿಡಲಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಎದುರಿಗೆ ಗೋಡೆಯ ಗಡಿಯಾರವಿತ್ತು. ಮುಳ್ಳು ಒಂದೊಂದೇ ಗೆರೆ ದಾಟುವುದನ್ನು ನೋಡುತ್ತ ಕೂತೆ. ಇನ್ನು ಅರ್ಧ ಗಂಟೆ ಹೀಗೇ ಕೂತರೆ ಮೇಡಂ ಹೋಗುವುದಿಲ್ಲ, ಅಷ್ಟೇ. ಯಾರ ತಪ್ಪೂ ಅಲ್ಲ, ಫೋನಿನ ತಪ್ಪು. ಅವರು ಬಂದ ಮೇಲೆ ಕಾಲುವೆಯ ಕೊನೆಯ ಗದ್ದೆಗಳಿಗೂ ನೀರು ಹರಿದಿತ್ತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ, ಊರಿನ ಹಿತಕ್ಕೇ ಸುಮ್ಮನಿದ್ದೇನೆ ಎನ್ನುವ ಹಾಗೆ. ಅದು ಸುಳ್ಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ತಪ್ಪನ್ನು ನನಗೆ ಮಾತ್ರ ಹೇಳಿ, ಮಂದಿಯೆದುರು ನನ್ನ ಮಾನ ಉಳಿಸಿದ ಅಧಿಕಾರಿ ಅವರೊಬ್ಬರೇ. ‘ಇಂದುಧರ, ಊಟ ಆಯ್ತಾ?’ ಎಂದು ದಿನಾ ಕೇಳಿದವರೂ ಅವರೊಬ್ಬರೇ. ಅವರು ಹೋದರೆ ನನಗೆ ಬೇಜಾರಾಗುತ್ತದೆ. ನನ್ನ ಬೇಜಾರನ್ನು ತಪ್ಪಿಸಿಕೊಳ್ಳಲು ಆರು ವರ್ಷದ ಮಗುವಿನ ತಾಯಿಯನ್ನು ಹಿಡಿದಿಟ್ಟುಕೊಳ್ಳಲು ಹೊರಟಿದ್ದೆ. ಐದು ನಿಮಿಷ ಹಾಗೆ ಕೂತಿದ್ದೆ. ಚೀಟಿಯಲ್ಲಿದ್ದ ಹೆಸರು ನನ್ನ ಕಡೆಗೇ ನೋಡುತ್ತಿದೆ ಎನ್ನಿಸಿ ನಾಚಿಕೆಯಾಯಿತು.

“ದೊಡ್ಡತಾಯಮ್ಮ, ಬಾ ಇಲ್ಲಿ! ಅದು ಒಂದು ಸಾಮಾನು ಮರೆತು ಹೋಗಿದೆ!” ಎಂದು ಕೂಗಿದೆ.

ಅವಳು ಚಹಾ ಬಿಟ್ಟು ಓಡಿಬಂದಳು. ಸೆರಗಿಗೆ ಕೈ ಒರೆಸಿ, ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಾಗಿಲ ಹೊರಗೆ ನಿಂತಳು. ಹೋದವರನ್ನು ಹೊಸ್ತಿಲ ಹೊರಗೆ ನಿಂತೇ ಕರೆಯಬೇಕು.

“ಏನಪ್ಪಾ, ಆ ಕೂಸಿನ ಗಂಟೇನ ಇಲ್ಲೇ ಮರ್ತು ಹೋದ್ಯಲ್ಲ! ನಾಳೆಗೆ ಅದನ್ನ ಯಾರು ಹೊಡೀತಾರೆ? ಬಂದು ತಗೊಂಡು ಹೋಗು. ಬಾ, ಬಾ, ಯಾರೂ ಬೈಯೋದಿಲ್ಲ.”

ಚೀಟಿಯನ್ನು ನಾನು ಬೆರಳಿನಿಂದ ಒತ್ತಿದೆ. ‘ಇದನ್ನು ನೋಡಲು ಒಳಗೆ ಬನ್ನಿ’ ಎಂದು ಕೇಳಿತು. ಮೇಡಂ ಗುಪ್ತಪದ ಹೇಳಿದರು, ಹೊಡೆದೆ. ಚಕ್ರ ತಿರುಗಿತು. ತಿರುಗಿತು. ಬಾಬಾಜಾನ್ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಒಂದರ ಹಿಂದೊಂದು ಮೇಲ್‌ಗಳು ಬರತೊಡಗಿದವು, ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಗಲಗಲ ಸದ್ದು ಮಾಡುತ್ತ. ಒಟ್ಟು ನಲವತ್ತಮೂರು. ನಲವತ್ತೆರಡು ಯಾರಿಗೂ ಬೇಡದವು.

ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ಮೇಡಂ ‘ಒಪ್ಪಿಗೆ ಇದೆ’ ಎಂದು ಬರೆದು ಕಳಿಸಿದರು. ಕಳಿಸಿ ಫೋನು ಕೆಳಗಿಟ್ಟು ನಮ್ಮನ್ನೆಲ್ಲ ಒಮ್ಮೆ ನೋಡಿದರು. ಎದ್ದು ಹೋಗಿ ಮಗಳಿಗೆ ಫೋನ್ ಮಾಡಿದರು. ಆ ಗುಂಡಿಯ ವಿಷಯ ಊರಿಗೆಲ್ಲ ಸಾರಬೇಕೆಂದು ಬಾಬಾಜಾನ್ ಸೈಕಲ್ ಹತ್ತಿದ.

ಮುಂದಿನ ಸೋಮವಾರ ಜೀಪು ಬಂದು ಕಚೇರಿಯ ಮುಂದೆ ನಿಂತಿತು. ಹೂವು, ಶಾಲು, ನನ್ನದೊಂದು ತೊದಲು ಭಾಷಣ ಎಲ್ಲ ಮುಗಿಯಿತು. ಉಳಿದದ್ದು ಒಂದೇ ಮಾತು. ಹನ್ನೊಂದು ಜನ ಸಿಬ್ಬಂದಿಯೂ ಮೇಡಂ ಬಾಯಿಯನ್ನೇ ನೋಡುತ್ತಿದ್ದೆವು. ಬರ್ತೀನಿ ಎಂದರೆ ಹೊಸ ಕೆಲಸ ಹಿಡಿದ ವಾರದಲ್ಲೇ ಮಗಳನ್ನು ಬಿಟ್ಟು ಓಡಿಬರಬೇಕು. ಆ ಇನ್ನೊಂದು ಮಾತು ಅಂದರೆ ಮುಗಿದೇಹೋಯಿತು. ಯಾವುದನ್ನು ಬಯಸಬೇಕೆಂದು ನನಗೆ ತಿಳಿಯಲಿಲ್ಲ. ಮೇಡಂ ಜೀಪಿನ ಬಾಗಿಲು ಹಿಡಿದು ನಮ್ಮ ಕಡೆ ತಿರುಗಿದರು.

“ನೀವೇ ಬನ್ನಿ,” ಎಂದರು.

ಇಂಥದ್ದೊಂದು ದಾರಿಯಿದೆ ಎಂದು ನಮ್ಮೂರಿನಲ್ಲಿ ಹುಟ್ಟಿದ ಯಾರಿಗೂ ಹೊಳೆದಿರಲಿಲ್ಲ. ಉಳಿದ ಹತ್ತು ಜನ ಬುದ್ಧಿವಂತರು, ತಲೆ ಮಾತ್ರ ಆಡಿಸಿದರು. ನಾನು ಮಾತ್ರ ಎರಡು ಹೆಜ್ಜೆ ಮುಂದೆ ಬಂದು, “ಬರ್ತೀವಿ ಮೇಡಂ!” ಎಂದುಬಿಟ್ಟೆ.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಬಾಬಾಜಾನ್ ಕೇಳಿದ. “ಏನಂದ್ರಿ ಸ್ವಾಮಿ ನೀವು? ಬರ್ತೀನಿ ಅಂದ್ರಾ, ಬರ್ತೀವಿ ಅಂದ್ರಾ?”

ನಮ್ಮೂರಿನ ವ್ಯಾಕರಣ ಬಹಳ ಕಟ್ಟುನಿಟ್ಟು. ಎಂಟನೆಯ ದಿನ ಬೆಳಿಗ್ಗೆ ನಾನು ತರಕಾರಿ ಚೀಲ ಹಿಡಿದು ಮಾರುಕಟ್ಟೆಗೆ ಹೊರಟವನು ಬಸ್ ನಿಲ್ದಾಣದಲ್ಲಿದ್ದೆ. ಅಲ್ಲಿ ಆಗಲೇ ದೊಡ್ಡತಾಯಮ್ಮ ಕೂತಿದ್ದಳು. ಬಾಬಾಜಾನ್ ಅರ್ಧ ಗಡ್ಡ ಹೆರೆದುಕೊಂಡು ಬಂದಿದ್ದ. ಒಬ್ಬೊಬ್ಬರಾಗಿ ಹನ್ನೊಂದೂ ಜನ ಸೇರಿದೆವು. ಕಚೇರಿಗೆ ಬೀಗ ಹಾಕಿದವರೂ ಇಲ್ಲ. ದಾರಿಯುದ್ದಕ್ಕೂ ಅವರು ನನ್ನ ಬಹುವಚನಕ್ಕೆ ಉಗಿಯದ ಮೈಲಿಗಲ್ಲಿಲ್ಲ. ಕಿಟಕಿಯ ಪಕ್ಕದ ಸೀಟಂತೂ ಯಾರೂ ನನಗೆ ಕೊಡಲಿಲ್ಲ.

ಸಂಜೆ ಮೇಡಂ ಬಾಗಿಲು ತೆರೆದವರು ನಮ್ಮನ್ನು ನೋಡಿ ನಕ್ಕ ನಗುವಿಗೆ ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ಮನೆಯಲ್ಲಿ ಚಾಪೆ ಸಾಲದೆ ಲೈಬ್ರರಿಯ ಹಳೆಯ ಪತ್ರಿಕೆ ಹಾಸಿ ಕೂರಿಸಿದರು. ದೊಡ್ಡತಾಯಮ್ಮ ಯಾರನ್ನೂ ಕೇಳದೆ ಅಡುಗೆಮನೆ ಗುಡಿಸತೊಡಗಿದಳು. ಇಂಚರ ಎಂಬ ಆ ಹುಡುಗಿ ಬಾಬಾಜಾನನ ಅರ್ಧ ಗಡ್ಡವನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ನೋಡಿ, ಇವರು ಒಬ್ಬರಾ ಇಬ್ಬರಾ ಎಂದು ಅಮ್ಮನನ್ನು ಕೇಳಿದಳು.

ಊಟವಾದ ಮೇಲೆ ಮೇಡಂ ಜಗಲಿಯಲ್ಲಿ ಒಬ್ಬರೇ ಸಿಕ್ಕಾಗ ನನ್ನಿಂದ ತಡೆಯಲಾಗಲಿಲ್ಲ. “ಮೇಡಂ, ಆವತ್ತು ಗಂಟೆ ಹೊಡೀತಲ್ಲ, ನನಗೆ ಆಗ್ಲೇ ಗೊತ್ತಾಗಿತ್ತು. ಐದು ನಿಮಿಷ ಬೇಕಂತಲೇ ಸುಮ್ಮನಿದ್ದೆ,” ಎಂದೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

ಮೇಡಂ ಒಳಗೆ ಆಡುತ್ತಿದ್ದ ಮಗಳ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು. “ಮೂರು ವರ್ಷ ಆ ಊರಲ್ಲಿದ್ದವಳಿಗೆ ಮರೆತ ಸಾಮಾನಿನ ವಿಷಯ ಗೊತ್ತಿಲ್ವಾ, ಇಂದುಧರ? ಚೀಟೀನ ನಾನೂ ನೋಡ್ದೆ. ಮಗಳ ಹೆಸರು ಕಣ್ಣೆದುರೇ ಇತ್ತು. ನೀವು ಗಡಿಯಾರ ನೋಡ್ತಿದ್ರಿ, ನಾನೂ ಅದನ್ನೇ ನೋಡ್ತಿದ್ದೆ. ನೀವು ಕೂಗದಿದ್ರೆ ಇನ್ನೆಷ್ಟು ಹೊತ್ತು ಹಾಗೇ ಕೂತಿರ್ತಿದ್ದೆನೋ, ನನಗೇ ಗೊತ್ತಿಲ್ಲ.”

ಹೆಗಲ ಮೇಲಿಂದ ಏನೋ ಇಳಿದಂತಾಗಿ ನನಗೆ ಅಳು ಬರುವಂತಾಯಿತು.

ಮಾರನೆಯ ಬೆಳಿಗ್ಗೆ ಹೊರಟೆವು. ಹನ್ನೊಂದು ಜನ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ತುಟಿ ಬಿಗಿದುಕೊಂಡು, ಬರೀ ಕೈ ಮುಗಿಯುತ್ತ ನಿಂತೆವು. ಮೇಡಂ ನಮ್ಮ ಕಷ್ಟ ನೋಡಿ ನಗುತ್ತಿದ್ದರು. ಇಂಚರ ಮಾತ್ರ ನಗಲಿಲ್ಲ. ಹೊಸ್ತಿಲ ಮೇಲೆ ನಿಂತು ನೇರವಾಗಿ ಕೇಳಿಬಿಟ್ಟಳು.

“ಮತ್ತೆ ಬರಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಬಾಬಾಜಾನ್ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದ. ಗೇಟು ತಿರುಗಿಸುವವರಿಲ್ಲದೆ ಎರಡು ದಿನದಿಂದ ಕಾಲುವೆ ಏನಾಗಿದೆಯೋ ದೇವರೇ ಬಲ್ಲ. ನಾನು ಆ ಹುಡುಗಿಯ ಮುಂದೆ ಬಗ್ಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಕೊನೆಯ ಅಕ್ಷರ ಯಾವ ಕಾರಣಕ್ಕೂ ತಪ್ಪದ ಹಾಗೆ ಹೇಳಿದೆ.

“ಬರ್ತೀನಿ.”